ಎಂಟು ಎತ್ತಂಗಡಿ ಕಾರ್ಡುಗಳು

ಮೂವತ್ತು ದಾಟಿದ ಗಂಡಸು, ಆಫೀಸಿನಲ್ಲಿ ಮರ್ಯಾದಸ್ಥನೆಂದು ಹೆಸರು, ಮದುವೆಯೂ ಆಗಿದೆ. ಇಂಥವನು ಭಾನುವಾರ ರಾಕ್ಷಸರ ಚಿತ್ರದ ಕಾರ್ಡು ಹಿಡಿದು ಪಂದ್ಯಕ್ಕೆ ಹೋಗುತ್ತಾನೆಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನ್ನ ಹೆಂಡತಿ ಸುಮಾ ನಿಮಗಿಂತ ಮೊದಲೇ ನಕ್ಕು ಮುಗಿಸಿ, ಈಗ ನಿಟ್ಟುಸಿರು ಬಿಡುವ ಹಂತದಲ್ಲಿದ್ದಾಳೆ.

ಆಟ ಸರಳ. ಅರವತ್ತು ಕಾರ್ಡಿನ ಕಟ್ಟಿನಿಂದ ನಮ್ಮ ಪ್ರಾಣಿಗಳನ್ನು ಮೇಜಿಗೆ ಇಳಿಸಿ, ಎದುರಾಳಿಯ ಇಪ್ಪತ್ತು ಪಾಯಿಂಟಿನ ಆಯುಸ್ಸನ್ನು ಸೊನ್ನೆಗೆ ತರಬೇಕು. ಎದುರಾಳಿಯ ಪ್ರಾಣಿ ಮೆರೆದಾಡಿದರೆ ಅದನ್ನು ಮೇಜಿನಿಂದಲೇ ಓಡಿಸುವ ಮಂತ್ರದ ಕಾರ್ಡುಗಳುಂಟು. ಅವಕ್ಕೆ ನಾನಿಟ್ಟ ಹೆಸರು ಎತ್ತಂಗಡಿ ಕಾರ್ಡು. ನನ್ನ ಕಟ್ಟಿನಲ್ಲಿ ಅವಕ್ಕೆ ಎಂಟೇ ಜಾಗ. ಅಗ್ಗದ ಕಾರ್ಡು ಸಣ್ಣ ಪ್ರಾಣಿಯನ್ನು ಮಾತ್ರ ಸುಡುತ್ತದೆ. ದುಬಾರಿಯದು ಎಂಥ ದೈತ್ಯನನ್ನೂ ಮುಗಿಸುತ್ತದೆ, ಆದರೆ ಆ ಸರದಿಯಲ್ಲಿ ನಾವು ಬೇರೇನೂ ಮಾಡುವಂತಿಲ್ಲ. ಇನ್ನೊಂದು ಬಗೆಯದು ಪ್ರಾಣಿಯನ್ನು ಎದುರಾಳಿಯ ಕೈಗೆ ವಾಪಸು ಕಳಿಸುತ್ತದಷ್ಟೆ. ಬಸ್ಸು ತಪ್ಪಿದ ನೆಂಟನ ಹಾಗೆ ಅದು ಮತ್ತೆ ಬಂದು ಕೂರುತ್ತದೆ.

ಈ ಸಲ ಗೆದ್ದವನಿಗೆ ಚೆನ್ನೈ ಪಂದ್ಯಕ್ಕೆ ಪ್ರವೇಶವಿತ್ತು. ನಾಲ್ಕು ವರ್ಷದಿಂದ ನಾನು ಆಸೆಪಟ್ಟದ್ದು ಅದೊಂದಕ್ಕೇ. ಗೆಲ್ಲುವ ಮೊದಲೇ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗಿ ರೈಲಿನ ಟಿಕೆಟ್ ಮಾಡಿಸಿದ್ದೆ.

ಸೋಮವಾರದಿಂದಲೇ ಊಟದ ಮೇಜಿನ ಮೇಲೆ ಕಾರ್ಡುಗಳು ಹರಡಿದವು. "ರೀ, ಈ ದೆವ್ವಗಳನ್ನ ಸ್ವಲ್ಪ ಸರಿಸ್ತೀರಾ? ಕೈ ಸುಡ್ತಿದೆ" ಎಂದು ಸುಮಾ ಸಾರಿನ ಪಾತ್ರೆ ಹಿಡಿದು ನಿಂತಿರುತ್ತಿದ್ದಳು. ನಾನಾದರೂ ಏನು ಮಾಡಲಿ? ಅಂಗಿಯ ಬಣ್ಣ ಆರಿಸಲಿಕ್ಕೂ ಮೂರು ಜನರನ್ನು ಕೇಳುವ ಸ್ವಭಾವ ನನ್ನದು. ದಿನಾ ಸಂಜೆ ಇಮ್ರಾನನಿಗೆ ಫೋನ್ ಮಾಡಿದೆ. ಅವನದು ಶಿವಾಜಿನಗರದಲ್ಲಿ ಪರದೆ ಬಟ್ಟೆಯ ಅಂಗಡಿ. ನಮ್ಮ ಗುಂಪಿನಲ್ಲಿ ಈ ಆಟ ಅವನಷ್ಟು ಬಲ್ಲವರಿಲ್ಲ. ಗಿರಾಕಿಗೆ ಬಟ್ಟೆ ಅಳೆಯುತ್ತಲೇ ನನ್ನ ಗೋಳು ಕೇಳುತ್ತಿದ್ದ.

"ನಿಂಗೆ ಭಯ ಯಾವುದ್ರದ್ದು ಗುರು?"

"ನಿನ್ನ ಡ್ರ್ಯಾಗನ್‌ದೇ ಕಣೋ."

"ಹಂಗಾದ್ರೆ ಎಂಟೂ ದುಬಾರಿದೇ ಹಾಕ್ಬಿಡು."

ತನ್ನ ಕಟ್ಟಿನ ಅತಿ ದೊಡ್ಡ ದೈತ್ಯ ಆ ಡ್ರ್ಯಾಗನ್ನನ್ನು ಕೊಲ್ಲುವ ದಾರಿಯನ್ನು ತಾನೇ ಹೇಳಿಕೊಡುತ್ತಾನಲ್ಲ, ಎಂಥ ಸ್ನೇಹಿತ! ನಿಜಕ್ಕೂ ಕಣ್ಣು ತುಂಬಿ ಬಂತು. ಎಂಟೂ ದುಬಾರಿಯದೇ ಹಾಕಿದೆನೆಂದು ಮರುದಿನ ಅವನಿಗೇ ಫೋನ್ ಮಾಡಿ ತಿಳಿಸಿದೆ.

ಭಾನುವಾರ ಜೋಗುಪಾಳ್ಯದ ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಫೈನಲ್. ಎದುರಿಗೆ ಕೂತವನು ಇಮ್ರಾನನೇ. ಮೊದಲಿಗೆ ಒಂದು ಇಲಿ ಇಳಿಸಿದ. ಅದು ಕಚ್ಚಿದರೆ ಹೋಗುವುದು ಒಂದೇ ಪಾಯಿಂಟು. ಇಂಥ ಬಡಪಾಯಿಗೆ ನನ್ನ ದುಬಾರಿ ಕಾರ್ಡೇ? ಛೆ ಛೆ! ಡ್ರ್ಯಾಗನ್ ಬರಲಿ ಎಂದು ಕಾದೆ. ಇನ್ನೊಂದು ಇಲಿ ಬಂತು. ಮತ್ತೆರಡು ಬಂದವು. ನನ್ನ ಕೈತುಂಬ ಎತ್ತಂಗಡಿ ಕಾರ್ಡೇ ಸೇರಿ, ಮೇಜಿಗೆ ಇಳಿಸಲು ಪ್ರಾಣಿಗಳೇ ಇರಲಿಲ್ಲ. ಆದರೂ ಜಗ್ಗದೆ ಕಾದೆ. ಕೊನೆಗೆ ಇಲಿಗಳು ಕಚ್ಚಿ ಕಚ್ಚಿ ನನ್ನ ಇಪ್ಪತ್ತು ಪಾಯಿಂಟೂ ಮುಗಿದು, ಐದು ಎತ್ತಂಗಡಿ ಕಾರ್ಡನ್ನು ಹಾಗೇ ಹಿಡಿದುಕೊಂಡು ಸತ್ತೆ.

"ಡ್ರ್ಯಾಗನ್ ಎಲ್ಲೋ?" ಎಂದೆ. ಅಳುವೊಂದು ಬಾಕಿ.

"ಮನೇಲಿದೆ. ಅದನ್ನ ಕೊಲ್ಲೋಕೆ ಎಂಟು ಇಟ್ಟಿದೀನಿ ಅಂತ ನೀನೇ ಹೇಳಿದ್ಯಲ್ಲ ಮಗಾ. ಮತ್ಯಾಕೆ ತರ್ಲಿ?"

ಅದೇ ಸ್ಟೇಷನ್ನಿಗೆ ಮತ್ತೆ ಹೋಗಿ, ಸಾಲಿನಲ್ಲಿ ನಿಂತು ಟಿಕೆಟ್ ರದ್ದು ಮಾಡಿಸಿ ಬಂದೆ. "ಇನ್ಮೇಲಾದ್ರೂ ಇಮ್ರಾನ್ ಅವರ ಹತ್ರ ಬಾಯಿ ಬಿಡ್ಬೇಡಿ" ಎಂದಳು ಸುಮಾ. ಸತ್ತರೂ ಇಲ್ಲ ಎಂದು ಆಣೆ ಮಾಡಿದೆ. ಮರುದಿನ ಸಂಜೆ ಹೊಸ ಗೊಂದಲ ಹತ್ತಿಕೊಂಡಿತು: ಇಲಿಗಳಿಗೆ ಯಾವ ಕಾರ್ಡು ಒಳ್ಳೆಯದು? ಬಲ್ಲವರನ್ನು ಕೇಳದೆ ತೀರ್ಮಾನಿಸುವುದಾದರೂ ಹೇಗೆ?

ಫೋನ್ ಎತ್ತಿದ ಇಮ್ರಾನ್, "ಹೇಳು, ಬರ್ಕೋತೀನಿ" ಎಂದ. ಅವನಿಗೆ ಬರೆದುಕೊಳ್ಳಲು ಅನುಕೂಲವಾಗಲೆಂದು ನಾನು ನಿಧಾನವಾಗಿಯೇ ಹೇಳಿದೆ.