ನಾನು ಮಲ್ಲಿಗೆ ಕಟ್ಟಲು ಕೂತದ್ದು

ಕುರ್ಚಿಯಲ್ಲಿ ಕೂತು ದುಡಿಯುವವನ ದಣಿವನ್ನು ಯಾರೂ ನಂಬುವುದಿಲ್ಲ. ಗದ್ದೆ ಉತ್ತು ಬಂದವನ ಮೈಮೇಲೆ ಕೆಸರಿರುತ್ತದೆ, ದೋಣಿಯಿಂದ ಇಳಿದವನ ಅಂಗೈಯಲ್ಲಿ ಹಗ್ಗದ ಗುರುತಿರುತ್ತದೆ. ನನ್ನಂಥ ಕಾರಕೂನನ ಬಳಿ ಸಾಕ್ಷಿಗೆ ಏನಿದೆ? ನಡುಬೆರಳಿನಲ್ಲಿ ಒಂದು ಶಾಯಿಯ ಕಲೆ. ಅದನ್ನು ತೋರಿಸಿ "ಸಾಕಾಗಿ ಹೋಯಿತು" ಎಂದರೆ ಉಳಿದವರಿರಲಿ, ನನಗೇ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಆ ವರ್ಷ ನನಗೆ ಸಾಕಾಗಿ ಹೋಗಿತ್ತು.

ನಮ್ಮ ಜಿಲ್ಲೆ ಮುಂಬೈಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಭಟ್ಕಳದ ಪೇಟೆಯಲ್ಲಿ ಪೇಡೆ ಹಂಚಿದವರಲ್ಲಿ ನಾನೂ ಒಬ್ಬ. ಇದರಿಂದ ನನ್ನ ತಲೆಯ ಮೇಲೆ ಏನು ಬೀಳಲಿದೆ ಎಂಬುದು ಪೇಡೆ ತಿನ್ನುವಾಗ ಹೊಳೆಯಲಿಲ್ಲ. ಕಚೇರಿಯ ಕಪಾಟುಗಳಲ್ಲಿದ್ದ ಹಳೆಯ ಮರಾಠಿ ಕಾಗದಗಳನ್ನೆಲ್ಲ ಕನ್ನಡಕ್ಕೆ ತರಬೇಕೆಂದಾಯಿತು. ಎರಡೂ ಭಾಷೆ ಬರುತ್ತದೆ ಎಂದು ಜಂಬ ಕೊಚ್ಚಿಕೊಂಡು ತಿರುಗಿದ್ದವನು ಅಲ್ಲಿ ನಾನೊಬ್ಬನೇ. ಮೂರು ವರ್ಷ ಅದನ್ನೇ ಮಾಡಿದೆ. ಕೊನೆಕೊನೆಗೆ ಊಟಕ್ಕೆ ಕೂತಾಗ ಹೆಂಡತಿ ಗೌರಿ "ಸಾರು ಹಾಕಲಾ" ಎಂದರೆ ಅದನ್ನು ಮನಸ್ಸಿನಲ್ಲೇ ಮರಾಠಿಗೆ ತಿರುಗಿಸಿ, ಮರಳಿ ಕನ್ನಡಕ್ಕೆ ತಂದು, ಆಮೇಲೆ "ಹಾಕು" ಎನ್ನುತ್ತಿದ್ದೆ. ಅಷ್ಟರಲ್ಲಿ ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿರುತ್ತಿದ್ದಳು.

ಜೊತೆಗೆ ತಲೆನೋವು. ಬಸ್ಸು ಹತ್ತಿ, ಶರಾವತಿ ದಾಟಿ, ಹೊನ್ನಾವರದ ಒಬ್ಬ ಡಾಕ್ಟರರಿಗೆ ತೋರಿಸಿಕೊಂಡೆ. ಅವರು ಕಣ್ಣು, ನಾಲಿಗೆ ಎಲ್ಲ ನೋಡಿ, ನಿಮಗೆ ರೋಗವೇನೂ ಇಲ್ಲ, ಒಂದು ತಿಂಗಳು ಮಂಡೆಗೆ ರಜೆ ಕೊಟ್ಟು ಕೈಗೆ ಕೆಲಸ ಕೊಡಿ ಎಂದರು. ಅಷ್ಟು ದೂರ ಹೋದವನಿಗೆ ರೋಗವಿಲ್ಲ ಎಂದರೆ ಬೇಸರವಾಗುತ್ತದೆ. ಆದರೂ ರಜೆ ಹಾಕಿದೆ.

ಕೈಗೆ ಎಂಥ ಕೆಲಸ ಕೊಡುವುದು? ಮೊದಲು ತೆಂಗಿನ ಗೆರಟೆಯನ್ನು ಕೆತ್ತಿ ಸೌಟು ಮಾಡಹೊರಟೆ. ಹೆಬ್ಬೆರಳು ಕೆತ್ತಿಕೊಂಡೆ. ಅದು ಮಾಯುತ್ತಲೇ ತೆಂಗಿನ ನಾರಿನಲ್ಲಿ ಹಗ್ಗ ಹೊಸೆದೆ, ನೋಡಲು ಚೆನ್ನಾಗಿಯೇ ಇತ್ತು. ಅದರಿಂದ ಕಟ್ಟಿದ ಎಮ್ಮೆ ಯಾವ ಅವಸರವೂ ಇಲ್ಲದೆ ಬಿಡಿಸಿಕೊಂಡು ಹೋಗಿ ಪಕ್ಕದ ಮನೆಯ ಬದನೆ ಗಿಡಗಳನ್ನು ಮುಗಿಸಿತು. ಪಕ್ಕದ ಮನೆಯ ನಾಗವೇಣಕ್ಕ ಒಳ್ಳೆಯವರು, ಎಮ್ಮೆಗೆ ಮಾತ್ರ ಬೈದರು.

ಆಮೇಲೆ ಕಣ್ಣಿಗೆ ಬಿದ್ದದ್ದು ಜಗಲಿ. ಭಟ್ಕಳ ಪೇಟೆಯ ಹೊರಗಿನ ನಮ್ಮ ಊರು ಹೆಬಳೆಯ ಕಡೆ ಮನೆಮನೆಗೂ ಮಲ್ಲಿಗೆ ಗಿಡ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಮಧ್ಯಾಹ್ನದ ಒಳಗೆ ಕಟ್ಟಿ ಪೇಟೆಗೆ ಮುಟ್ಟಿಸಬೇಕು. ಪೇಟೆಯ ನವಾಯತ ಮುಸಲ್ಮಾನರ ಮನೆಯ ಮದುವೆಗಳ ದಿನಗಳಲ್ಲಿ ಎಷ್ಟು ಕಟ್ಟಿದರೂ ಸಾಲದು. ನಾನು ಕಚೇರಿಗೆ ಹೊರಟ ಮೇಲೆ ಗೌರಿ, ನಾಗವೇಣಕ್ಕ, ಇನ್ನಿಬ್ಬರು ಹೆಂಗಸರು ನಮ್ಮ ಜಗಲಿಯಲ್ಲಿ ಕೂತು ಈ ಕೆಲಸ ಮಾಡುತ್ತಾರೆಂಬುದು ಗೊತ್ತಿತ್ತು, ಎಂದೂ ನೋಡಿರಲಿಲ್ಲ. ರಜೆಯಲ್ಲಿ ನೋಡಿದೆ. ಎರಡು ಮೊಗ್ಗು ಆಚೆ, ಎರಡು ಈಚೆ, ನಡುವೆ ನೆನೆಸಿದ ಬಾಳೆನಾರಿನ ಒಂದು ಸುತ್ತು. ಕತ್ತಿ ಬೇಡ, ಎಮ್ಮೆಯ ಸಂಬಂಧವಿಲ್ಲ. ಹೋಗಿ ನಡುವೆ ಕೂತೇಬಿಟ್ಟೆ.

ಮೊದಲ ಎರಡು ದಿನ ಮೊಗ್ಗುಗಳ ಕುತ್ತಿಗೆ ಮುರಿದೆ. ಮೂರನೆಯ ದಿನ ಕೈ ಕುದುರಿತು. ನಾಲ್ಕನೆಯ ದಿನ ಬೆಳಗಿನಿಂದ ಒಂದೇ ಒಂದು ಮರಾಠಿ ಶಬ್ದ ನೆನಪಾಗಲಿಲ್ಲವೆಂಬುದು ಸಂಜೆ ಗಮನಕ್ಕೆ ಬಂದು ಕಣ್ಣು ಒದ್ದೆಯಾಯಿತು. ತಲೆನೋವು ಹೋಯಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಜಗಲಿಯ ಶಾಂತಿ. ನಾಲ್ಕು ಜನ ಹೆಂಗಸರು ಕೂತಿದ್ದರೂ ಒಂದು ಮಾತಿಲ್ಲ, ಕತೆಯಿಲ್ಲ, ತಲೆ ತಗ್ಗಿಸಿ ತಮ್ಮ ಪಾಡಿಗೆ ಕಟ್ಟುತ್ತಾರೆ. ಹೆಂಗಸರು ಸೇರಿದರೆ ಗಲಾಟೆ ಎನ್ನುವವರನ್ನು ಕರೆತಂದು ತೋರಿಸಬೇಕೆನಿಸಿತು. ಆ ಶಾಂತಿಯನ್ನು ಕೆಡಿಸಿದವನು ನಾನೊಬ್ಬನೇ ಎನ್ನಬೇಕು. ಕಾರಕೂನನ ಕಣ್ಣು, ಸುಮ್ಮನಿರುವುದಿಲ್ಲ. ಗಂಟಿನಿಂದ ಗಂಟಿಗೆ ಅಂತರ ಒಂದೇ ಸಮ ಇರಲಿ ಎಂದು ಆಗಾಗ ಸೂಚಿಸುತ್ತಿದ್ದೆ. ಇಪ್ಪತ್ತು ವರ್ಷಗಳಿಂದ ಹೂ ಕಟ್ಟುತ್ತಿದ್ದ ನಾಗವೇಣಕ್ಕ "ಆತು" ಎನ್ನುತ್ತಿದ್ದರು.

ಎರಡನೆಯ ವಾರ ಅವರಿಗೆ ಮೊಣಕಾಲು ನೋವು ಬಂತು. ಉಳಿದಿಬ್ಬರಲ್ಲಿ ಒಬ್ಬರಿಗೆ ಮನೆಗೆ ನೆಂಟರು ಬಂದರು, ಇನ್ನೊಬ್ಬರು ಕಾರಣವನ್ನೂ ಹೇಳದೆ ಬರುವುದನ್ನು ನಿಲ್ಲಿಸಿದರು. ಜಗಲಿಯಲ್ಲಿ ಗೌರಿ, ನಾನು, ಮಧ್ಯೆ ರಾಶಿ ಮೊಗ್ಗು. ಅವಳ ಮುಖ ದಿನದಿಂದ ದಿನಕ್ಕೆ ಬಾಡುತ್ತಿತ್ತು, ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು. ಇವಳಿಗೂ ತಲೆನೋವು ಶುರುವಾಯಿತೇನೋ ಎಂದುಕೊಂಡು, ಹೊನ್ನಾವರಕ್ಕೆ ಕರೆದುಕೊಂಡು ಹೋಗಲೇ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಹೂವಿನ ದಂಡೆಯನ್ನು ಬುಟ್ಟಿಗೆ ಹಾಕಿದಳು.

"ನೀವು ನಡೂ ಕೂತ್ರೆ ನಾವು ಎಂತ ಮಾತಾಡುದು?" ಎಂದಳು.

ನಾನು ಯಾರಿಗೂ ಮಾತಾಡಬೇಡಿ ಎಂದಿಲ್ಲ, ಬಾಯಿ ಮುಚ್ಚಿಕೊಂಡೇ ಕೂತಿರುತ್ತೇನಲ್ಲ ಎಂದೆ.

"ಬಾಯಿ ಮುಚ್ಕಂಡ್ರಿ. ಕಿವಿ?" ಎಂದಳು. ಆಮೇಲೆ ಬೈಗುಳವೂ ಅಲ್ಲದ, ಅಳುವೂ ಅಲ್ಲದ ದನಿಯಲ್ಲಿ, "ಇಡೀ ದಿನದಲ್ಲಿ ಅದೊಂದು ತಾಸು ನಂದು ಆಗಿತ್ತು. ನಿಮ್ಮ ಮಂಡೆ ಹಗುರ ಆತು. ನಂದು ಎಲ್ಲಿ ಇಳಿಸಿಡ್ಲಿ?" ಎಂದಳು.

ನಾಚಿಕೆಯಾಯಿತು. ಮದುವೆಯಾಗಿ ಹದಿನೆಂಟು ವರ್ಷ, ಅವಳಿಗೂ ಒಂದು ಮಂಡೆಯಿದೆ, ಅದಕ್ಕೂ ಭಾರವಿರುತ್ತದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ನಾನು ಶಾಂತಿ ಎಂದು ತಿಳಿದು ಸುಖಪಟ್ಟದ್ದು ನಾಲ್ಕು ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡು ಪಟ್ಟ ಸಂಕಟ. ಮರುದಿನವೇ, ಒಂಬತ್ತು ದಿನ ರಜೆ ಉಳಿದಿರುವಾಗಲೇ, ಕಚೇರಿಗೆ ಹೋಗಿ ಕೂತೆ. ಸಾಹೇಬರು ನನ್ನ ಕರ್ತವ್ಯನಿಷ್ಠೆಯನ್ನು ಎಲ್ಲರೆದುರು ಹೊಗಳಿ ಇನ್ನೊಂದು ಕಪಾಟಿನ ಬೀಗದಕೈ ಕೊಟ್ಟರು. ನಾಗವೇಣಕ್ಕನ ಮೊಣಕಾಲು ಅಂದೇ ಗುಣವಾಯಿತೆಂದು ತಿಳಿಯಿತು.

ಒಂದು ವಾರದ ಮೇಲೆ, ಕಚೇರಿಗೆ ಹೊರಟವನು ಅರ್ಧ ದಾರಿಯಲ್ಲಿ ಕನ್ನಡಕ ಮರೆತದ್ದು ನೆನಪಾಗಿ ಹಿಂದಿರುಗಿದೆ. ಬೇಲಿಯ ಹತ್ತಿರ ಬರುವಾಗ ಜಗಲಿಯಿಂದ ನನ್ನದೇ ದನಿ ಕೇಳಿಸಿತು. "ನಾಗವೇಣಕ್ಕ, ಈ ಗಂಟು ಸದರಿ ಗಂಟಿಗೆ ಸಮನಾಗಿಲ್ಲ." ಹೇಳುತ್ತಿದ್ದವಳು ಗೌರಿ. ಮೂಗಿನ ತುದಿಗೆ ನನ್ನ ಕನ್ನಡಕವನ್ನು ಏರಿಸಿಕೊಂಡು, ಅಡಿಪಟ್ಟಿ ಹಿಡಿದು ದಂಡೆ ಅಳೆದಂತೆ ನಟಿಸುತ್ತಿದ್ದಳು. ನಾಗವೇಣಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗೌರಿಯೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಾನು ಅಡಿಪಟ್ಟಿ ತಂದಿರಲಿಲ್ಲ, ಅದು ಶುದ್ಧ ಸುಳ್ಳು, ಒಳಗೆ ಹೋಗಿ ತಿದ್ದಬೇಕೆಂದು ಜೀವ ತಹತಹಿಸಿತು. ಸದ್ದಾಗದ ಹಾಗೆ ಹಿಂದೆ ಸರಿದು ಪೇಟೆಯ ದಾರಿ ಹಿಡಿದೆ. ಆ ದಿನವೆಲ್ಲ ಕಾಗದವನ್ನು ಮೂಗಿಗೆ ಒತ್ತಿಕೊಂಡು ಓದಿದೆ.

ಸಂಜೆ ಗೌರಿ, ಕನ್ನಡಕ ಇಲ್ಲೇ ಇತ್ತು, ತಿರುಗಿ ಬರಬಹುದಿತ್ತಲ್ಲ ಎಂದು ಕೇಳಿದಳು. ದೂರ ಹೋಗಿಬಿಟ್ಟಿದ್ದೆ ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಮರುದಿನದಿಂದ ನಾನು ಹೊರಡುವಾಗ ಕನ್ನಡಕ, ಕೊಡೆ, ಪೆನ್ನು, ಊಟದ ಡಬ್ಬಿ ಎಲ್ಲವನ್ನೂ ಒಂದೊಂದಾಗಿ ಕೈಗೆ ಕೊಟ್ಟು, ಮತ್ತೇನಾದರೂ ಬೇಕೇ ಎಂದು ಎರಡೆರಡು ಸಲ ಕೇಳಿ, ತಿರುವಿನಲ್ಲಿ ಕಣ್ಮರೆಯಾಗುವವರೆಗೆ ಜಗಲಿಯಲ್ಲಿ ನಿಂತು ನೋಡುತ್ತಾಳೆ. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ದಾರಿಯಲ್ಲಿ ಸಿಕ್ಕವರು ಹೇಳುತ್ತಾರೆ. ನಾನು ಹೌದೆನ್ನುತ್ತೇನೆ, ಮತ್ತು ಹೆಜ್ಜೆ ಸ್ವಲ್ಪ ಬೇಗ ಹಾಕುತ್ತೇನೆ.