ಸ್ಟೀರಿಂಗಿಗೆ ಕಟ್ಟಿದ್ದ ಬೇವಿನ ಸೊಪ್ಪು

ಇದನ್ನು ಬರೆಯಲು ಎಷ್ಟೋ ಸಲ ಕೂತು, ಬರೆಯದೆ ಎದ್ದಿದ್ದೇನೆ. ಒಮ್ಮೆ ಪೆನ್ನು ಸರಿಯಿಲ್ಲ ಎಂದು ಎದ್ದೆ. ಆಮೇಲೆ ಕನ್ನಡಕ ಸರಿಯಿಲ್ಲ ಎಂದೆ. ಹೊಸ ಕನ್ನಡಕ ಬಂದ ಮೇಲೆ ಕಣ್ಣೇ ಸರಿಯಿಲ್ಲ ಎಂದೆ. ಈಗ ಕಣ್ಣಿನ ಆಪರೇಷನ್ನೂ ಮುಗಿದು, ಎದುರು ಮನೆಯ ಕ್ಯಾಲೆಂಡರ್ ಕೂಡ ಕಾಣಿಸುತ್ತಿದೆ. ನೆಪಗಳೆಲ್ಲ ಖಾಲಿ! ಆದ್ದರಿಂದ ನಮ್ಮ ಭಾವನ ವಿಷಯ ಹೇಳಿಬಿಡುತ್ತೇನೆ.

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಜೀಪಿನ ಬಾಯಿ ತೆಗೆಸಿ ಹಲ್ಲು ನೋಡಿದವರು!

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ನಾನು ಪಕ್ಕದಲ್ಲೇ ನಿಂತಿದ್ದೆ. ಭಾವ ಹುಣಸೂರು ತಾಲ್ಲೂಕಿನ ನಮ್ಮೂರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟು ಒಳಗಿನ ಕಾವು ಎಷ್ಟೆಂದು ಹೇಳುತ್ತಿದ್ದರು. ಒಳಗೆ ನೇತುಹಾಕಿದ್ದ ಥರ್ಮಾಮೀಟರ್ ಅವರು ಹೇಳಿದ್ದನ್ನು ಸುಮ್ಮನೆ ಒಪ್ಪಿಕೊಳ್ಳುತ್ತಿತ್ತು. ಐವತ್ತು ದಾಟುವವರೆಗೆ ಅವರ ಮನೆಯ ಮುಂದೆ ಎತ್ತಿನ ಗಾಡಿ ಬಿಟ್ಟರೆ ಬೇರೆ ಗಾಡಿ ನಿಂತದ್ದಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ, ಸೊಪ್ಪಿಗೆ ಒಳ್ಳೆಯ ರೇಟು ಸಿಕ್ಕ ಒಂದು ವರ್ಷ, ಪಿರಿಯಾಪಟ್ಟಣದಲ್ಲಿ ಹಳೆಯ ಡೀಸೆಲ್ ಜೀಪೊಂದು ಮಾರಾಟಕ್ಕಿದೆ ಎಂದು ತಿಳಿದು ನನ್ನನ್ನೂ ಎಳೆದುಕೊಂಡು ಹೋದರು. ಹತ್ತು ಜನ ಕೂರುವಂಥ, ಈಗಿನವರು ಎಸ್‌ಯುವಿ ಎನ್ನುವ ಜಾತಿಯ ದೊಡ್ಡ ಗಾಡಿ.

ಭಾವ ಅದರ ಸುತ್ತ ಎರಡು ಸುತ್ತು ಬಂದರು. ಬೆನ್ನು ತಟ್ಟಿದರು. ಟೈರಿಗೆ ಮೊಣಕಾಲು ಕೊಟ್ಟು ಒತ್ತಿದರು. ಹಿಂದಿನ ಬಾಗಿಲಿನ ಹತ್ತಿರ ದುಂಡಗೆ ತುಕ್ಕು ಹಿಡಿದಿದ್ದನ್ನು ಕಂಡು, "ಬಾಲದತ್ರ ಸುಳಿ ಅದೆ. ಅಷ್ಟು ಒಳ್ಳೇದಲ್ಲ," ಎಂದು ಮುಖ ಗಂಟಿಕ್ಕಿದರು. ಆಮೇಲೆ, "ಒಸಿ ಬಾಯಿ ಬುಡ್ಸಿ ಸ್ವಾಮಿ, ಹಲ್ಲು ನೋಡ್ಬೇಕು," ಎಂದರು.

ಮಾರುವವರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

"ಜೀಪ್‌ಗೆ ಹಲ್ಲು ಎಲ್ಲದೆ ಗೌಡ್ರೇ?"

"ಗೇರ್‌ಗೆ ಇಲ್ವಾ? ಅದು ಸವೆದಿದ್ರೆ ವಯಸ್ಸಾಗದೆ ಅಂತ ತಾನೇ?"

ಮಾರುವವರು ಬಾನೆಟ್ ಎತ್ತಿ ಹಿಡಿದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಜೀಪು ಮನೆಗೆ ಬಂತು. ಮಾರನೆಯ ದಿನವೇ ಅಂಗಳದಲ್ಲಿ ಹಳೇ ಸೀರೆ ಹಾಸಿ, ಅದರ ಹೊಟ್ಟೆಯ ಕೆಳಗೆ ಭಾವ ಮಲಗಿದ್ದರು! ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ನಾನು ಬಗ್ಗಿ ಕೂಗಿದೆ.

"ಭಾವ, ಹುಣಸೂರಲ್ಲಿ ಮೆಕ್ಯಾನಿಕ್ ಅವ್ರೆ. ತೋರ್ಸಾನ ನಡೀರಿ."

"ನನ್ನೆತ್ತಿನ ಮೂಗುದಾರ ಇನ್ನೊಬ್ಬರ ಕೈಗೆ ಕೊಟ್ಟಿದ್ದು ನೋಡಿದ್ದೀಯೇನ್ಲಾ?" ಎಂದು ಪಾದಗಳು ಕೇಳಿದವು. "ಸಾಕಿದೋರ ಕೈಗೆ ಗೊತ್ತಾಯ್ತದೆ ಕಣೋ. ಸುಮ್ಕಿರು."

ಅಂದಿನಿಂದ ಅಕ್ಕನ ಅಡುಗೆಮನೆಗೆ ಗ್ರಹಣ ಹಿಡಿಯಿತು. ಎಂಜಿನ್ ಆಯಿಲ್ ಇಳಿಸಲು ಅನ್ನ ಬಸಿಯುವ ಪಾತ್ರೆ ಹೊರಗೆ ಬಂತು. ಒಂದು ಮಧ್ಯಾಹ್ನ ಮುದ್ದೆ ತಿರುವುವ ಹಿಟ್ಟಿನ ಕೋಲೇ ನಾಪತ್ತೆ! ಹುಡುಕಿ ಹುಡುಕಿ ಸಾಕಾಗಿ ಅಕ್ಕ ಹೊರಗೆ ಬಂದು ನೋಡಿದರೆ, ಅದು ಬಾನೆಟ್ಟಿಗೆ ಊರುಗೋಲಾಗಿ ನಿಂತಿತ್ತು.

"ಒಲೆ ಮೇಲೆ ಎಸರು ಕುದೀತಾ ಅದೆ. ನಾನೇನು ಗೇರ್ ಹಾಕಿ ಹಿಟ್ಟು ತಿರುವ್ಲಾ?" ಎಂದು ಅಕ್ಕ ಕಿರುಚಿದಳು.

"ಒಂದನೇ ಗೇರಲ್ಲಿ ತಿರುವು. ಗಂಟಾಗಕಿಲ್ಲ," ಎಂದರು ಭಾವ.

ಎಲ್ಲಕ್ಕಿಂತ ದೊಡ್ಡ ಆಘಾತ ಇಡ್ಲಿ ತಟ್ಟೆಯದು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಭಾವ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಜೋಡಿಸುತ್ತಿದ್ದರು. ಮೇಲಿನ ತಟ್ಟೆ ಮುಂದಿನ ಚಕ್ರಗಳಿಗೆ, ಕೆಳಗಿನದು ಹಿಂದಿನವಕ್ಕೆ. ಒಂದು ವಾಷರ್ ಕೂಡ ಕುಳಿ ತಪ್ಪುತ್ತಿರಲಿಲ್ಲ. ಆದರೆ ಕೆ.ಆರ್. ನಗರದಿಂದ ಬೀಗರು ಬಂದ ದಿನ ಆ ತಟ್ಟೆಯಲ್ಲೇ ಇಡ್ಲಿ ಬೆಂದಿತು. ಬೀಗರು ಒಂದು ತುತ್ತು ಬಾಯಿಗಿಟ್ಟು, ಬಹಳ ಮರ್ಯಾದೆಯಿಂದ, "ನಿಮ್ಮ ಕಡೆ ಅಕ್ಕಿಯ ಘಮವೇ ಬೇರೆ," ಎಂದರು!

ಜೀಪಿಗೆ ಸೋಮವಾರ ರಜೆ. ನಮ್ಮ ಕಡೆ ಸೋಮವಾರ ಬಸವನ ದಿನ, ಎತ್ತಿಗೆ ನೊಗ ಹೂಡುವುದಿಲ್ಲ. ಭಾವ ಅದನ್ನೇ ಜೀಪಿಗೂ ಅನ್ವಯಿಸಿದರು. ಆ ದಿನ ಮೈ ತೊಳೆಯುವುದು, ಗ್ರೀಸ್ ತುಂಬುವುದು, ಬಿಚ್ಚಿ ನೋಡುವುದು. ಕೆಲಸ ಅರ್ಧಕ್ಕೆ ನಿಂತರೆ ಒಂದು ಹಿಡಿ ಬೇವಿನ ಸೊಪ್ಪು ತಂದು ಸ್ಟೀರಿಂಗಿಗೆ ಕಟ್ಟುತ್ತಿದ್ದರು. ಅಮ್ಮ ಎದ್ದ, ಅಂದರೆ ಸಿಡುಬು ಬಂದ, ಮನೆಯ ಬಾಗಿಲಿಗೆ ಕಟ್ಟುವುದಿಲ್ಲವೇ, ಹಾಗೆ. ಗಾಡಿಗೆ ಹುಷಾರಿಲ್ಲ, ಯಾರೂ ಮುಟ್ಟಬೇಡಿ ಎಂದರ್ಥ.

"ಜೀಪು ನಿಂದೇ ಅನ್ಕೋ ಕಣ್ಲಾ," ಎಂದು ನನಗೆ ಹೇಳಿದ್ದರು. "ಯಾವಾಗ ಬೇಕಾದ್ರೂ ತಗಂಡೋಗು. ಬೇವು ಕಟ್ಟಿದ್ರೆ ಮಾತ್ರ ಮುಟ್ಬೇಡ."

ಊರಿನವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ಆ ವರ್ಷ ಹಾಲಿನ ಸೊಸೈಟಿಯ ಚುನಾವಣೆಗೆ ನಾನು ನಿಂತಿದ್ದೆ. ಎದುರಾಳಿ ಸ್ಕೂಟರಿನಲ್ಲಿ ಓಡಾಡುತ್ತಿದ್ದ. ನಾನು ಜೀಪಿನಿಂದ ಇಳಿದರೆ ಹೇಗಿರುತ್ತದೆ! ಗೆಳೆಯರಿಬ್ಬರನ್ನು ಊರ ಮುಂದಿನ ಅರಳಿಕಟ್ಟೆಯ ಹತ್ತಿರ ಕಾಯಲು ಹೇಳಿ ಭಾವನ ಮನೆಗೆ ಹೋದೆ. ಸೋಮವಾರ. ಭಾವ ಯಾವುದೋ ಬೇರಿಂಗ್ ತರಲು ಬಸ್ಸಿನಲ್ಲಿ ಹುಣಸೂರಿಗೆ ಹೋಗಿದ್ದರು. ಅಕ್ಕ ಹೊಲದಲ್ಲಿದ್ದಳು. ಬೀಗದ ಕೈ ದೇವರ ಪಟದ ಪಕ್ಕದ ಮೊಳೆಯಲ್ಲಿತ್ತು. ಜಗಲಿಯ ಮೇಲೆ ಇಡ್ಲಿ ತಟ್ಟೆ, ಅದರ ಕುಳಿಗಳಲ್ಲಿ ನಟ್ಟು ಇತ್ತು. ನೋಡಿದೆ. ಸ್ಟೀರಿಂಗಿನಲ್ಲಿ ಬೇವು ಇತ್ತು. ಅದನ್ನೂ ನೋಡಿದೆ.

ಬೇವು ಕಟ್ಟಿಕೊಂಡು ಓಟು ಕೇಳಲು ಹೋಗಲಾಗುತ್ತದೆಯೇ? ಕಿತ್ತು ಹಿಂದಿನ ಕೊಟ್ಟಿಗೆಗೆ ಎಸೆದೆ. ಅಲ್ಲಿ ಕಟ್ಟಿದ್ದ ಅಕ್ಕನ ಆಡು ಒಂದು ಎಲೆಯನ್ನೂ ಬಿಡದೆ ಮೇಯ್ದಿತು.

ಗೆಳೆಯರನ್ನು ಹತ್ತಿಸಿಕೊಂಡು ಗುರುಪುರದ ಕಡೆ ತಿರುಗಿದ್ದೆವಷ್ಟೆ. ಪಕ್ಕದಲ್ಲಿ ಕೂತಿದ್ದವನು, "ಅಲ್ನೋಡ್ಲಾ, ಯಾರ್ದೋ ಚಕ್ರ ಓಯ್ತಾ ಅದೆ!" ಎಂದ. ನಿಜ. ಒಂದು ಚಕ್ರ ನಮ್ಮನ್ನು ಓವರ್‌ಟೇಕ್ ಮಾಡಿ ಗಂಭೀರವಾಗಿ ಮುಂದೆ ಹೋಗುತ್ತಿತ್ತು.

"ಪಾಪ, ಯಾವ ಬಡ್ಡೀಮಗಂದೋ!" ಎಂದು ಹಿಂದೆ ಕೂತಿದ್ದವನು ನಕ್ಕ.

ಅವನ ನಗು ಮುಗಿಯುವ ಮೊದಲೇ ಜೀಪು ಮೂಗು ನೆಲಕ್ಕೆ ಕೊಟ್ಟಿತು. ರಸ್ತೆ ಉಜ್ಜಿಕೊಂಡು ಹೋಗಿ ಹಳ್ಳಕ್ಕೆ ವಾಲಿತು. ನನಗೆ ಹಣೆ ಒಡೆಯಿತು. ನಕ್ಕವನ ಎರಡು ಮುಂಹಲ್ಲು ಹೋದವು. ಜೀಪಿನ ಹಲ್ಲು ನೋಡಿ ತಂದಿದ್ದರಲ್ಲ, ಅವು ಭದ್ರವಾಗಿದ್ದವು.

ಜನ ಸೇರಿದರು. ಬಸ್ಸಿಳಿದ ಭಾವ ಸುದ್ದಿ ಕೇಳಿ ಅಲ್ಲಿಗೇ ಓಡಿಬಂದರು. ಕಾಗದದಲ್ಲಿ ಸುತ್ತಿದ ಬೇರಿಂಗ್ ಇನ್ನೂ ಕೈಯಲ್ಲೇ ಇತ್ತು.

"ಮನೇಲೇ ರಿಪೇರಿ ಮಾಡ್ಕಂಡ್ರೆ ಇಂಗೇಯಾ!" ಎಂದರು ಯಾರೋ. "ನಟ್ಟು ಬಿಗೀದೆ ಓಗವ್ನಲ್ಲ! ಮೂರು ಜೀವ ಓಯ್ತಿತ್ತು."

ಭಾವ ಅವರ ಕಡೆ ತಿರುಗಲಿಲ್ಲ. ನೇರವಾಗಿ ಸ್ಟೀರಿಂಗ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಬೇವು ಕಟ್ಟಿದ್ನಲ್ಲೋ?"

ಸುತ್ತ ಓಟುಗಳು ನಿಂತಿದ್ದವು. ನಾನು ಹೇಳಿದೆ: "ಇಲ್ಲ ಭಾವ. ಏನೂ ಇರ್ನಿಲ್ಲ."

ಅವರು ವಾದ ಮಾಡಿದ್ದರೆ ನಾನು ಜಗಳ ಆಡಿ ಮರೆಯುತ್ತಿದ್ದೆ. ಅವರು ನನ್ನ ಮಾತನ್ನು ನಂಬಿಬಿಟ್ಟರು! ತಮ್ಮ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಬೇರೆ ಯಾರದ್ದೋ ಕೈ ನೋಡುವ ಹಾಗೆ. ನನ್ನ ಹಣೆಯ ರಕ್ತವನ್ನು ಟವೆಲಿನಲ್ಲಿ ಒರೆಸುತ್ತಾ, "ನನ್ನಿಂದ ಸಾಯ್ತಿದ್ದಲ್ಲೋ. ತಪ್ಪಾಯ್ತು ಕಣಪ್ಪಾ," ಎಂದರು.

ತಪ್ಪಾಯಿತು ಎಂದವರು ಅವರು!

ಹಣೆಗೆ ಪಟ್ಟಿ ಕಟ್ಟಿಕೊಂಡು ಓಟು ಕೇಳಿದೆ. ಅಯ್ಯೋ ಪಾಪ ಎಂದು ಜನ ಗೆಲ್ಲಿಸಿದರು. ಗೆದ್ದ ಸಂತೋಷದ ಊಟಕ್ಕೆ ಭಾವ ತಮ್ಮ ಮನೆಯ ಆಡನ್ನೇ ಕೊಟ್ಟರು. ಇದ್ದದ್ದು ಒಂದೇ ಸಾಕ್ಷಿ. ಅದನ್ನೂ ಉಂಡೆ.

ಜೀಪನ್ನು ಹೆಗ್ಗಡದೇವನಕೋಟೆಯ ಕಡೆಯವರು ಕೊಂಡುಹೋದರು. ಇಡ್ಲಿ ತಟ್ಟೆಯನ್ನು ಭಾವನೇ ಬೂದಿ ಹಾಕಿ ತಿಕ್ಕಿ ಅಕ್ಕನಿಗೆ ಕೊಟ್ಟರು. ಅಡುಗೆಮನೆ ವಾಪಸು ಬಂತೆಂದು ಅವಳು ಹಿಗ್ಗಲಿಲ್ಲ. "ಬಯ್ಯಕೆ ಏನೂ ಉಳಿಸ್ನಿಲ್ಲ ಕಣೋ ನಿಮ್ಭಾವ," ಎಂದಳು. ಭಾವ ಮನೆಯ ಬಾಗಿಲು ಹಾಕಿ ಬಸ್‌ಸ್ಟಾಪಿನವರೆಗೆ ಬಂದು, ಹಾಕಿದೆನೋ ಇಲ್ಲವೋ ಎಂದು ವಾಪಸು ಹೋಗುವುದು ಶುರುವಾಯಿತು. ಬ್ಯಾರನ್ನಿನ ಗೋಡೆಗೆ ಅಂಗೈ ಇಡುವುದು ನಿಂತಿತು. ಥರ್ಮಾಮೀಟರ್ ನೋಡುತ್ತಿದ್ದರು, ನೋಡಿಯೂ ಪಕ್ಕದ ಹೊಲದವರನ್ನು ಕರೆದು, "ನೀವೊಂದ್ಸಲ ನೋಡ್ರಪ್ಪ," ಎನ್ನುತ್ತಿದ್ದರು. ಊರಿನವರಿಗೆ ಇದೂ ನಗೆಯ ವಿಷಯವಾಯಿತು. ನಾನೂ ನಕ್ಕೆ. ನಗದಿದ್ದರೆ ಯಾಕೆ ಎಂದು ಕೇಳುತ್ತಿದ್ದರಲ್ಲ.

ಕೆಲವು ವರ್ಷಗಳ ಮೇಲೆ ನಾನು ಜ್ವರ ಬಂದು ಮಲಗಿದ್ದಾಗ ನೋಡಲು ಬಂದರು. ಹಾಸಿಗೆಯ ಪಕ್ಕ ಕೂತು ನನ್ನ ಹಣೆಯ ಮೇಲೆ, ಹಳೆಯ ಗಾಯದ ಗೆರೆಯ ಮೇಲೆ, ಅಂಗೈ ಇಟ್ಟರು. ಆ ಗೋಡೆಯ ಕಾವು ಹೇಳುತ್ತಿದ್ದ ಅಂಗೈ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, ತೆಗೆದು, "ಸುಡ್ತಾ ಅದಾ? ನಂಗ್ ಗೊತ್ತಾಗಕಿಲ್ಲ ಕಣಪ್ಪಾ. ಬೇರೆಯವರಿಗೆ ತೋರ್ಸು," ಎಂದರು.

ಆಗಲಾದರೂ ಹೇಳಬಹುದಿತ್ತು. ನಿದ್ದೆ ಬಂದವನ ಹಾಗೆ ಗೋಡೆಯ ಕಡೆ ತಿರುಗಿಕೊಂಡೆ. ಅವರು ಹೊದಿಕೆ ಸರಿಮಾಡಿ ಎದ್ದುಹೋದರು. ಈಗ ಭಾವನೂ ಇಲ್ಲ, ಅಕ್ಕನೂ ಇಲ್ಲ.

ಇಷ್ಟು ಹೊತ್ತು ಭಾವ ಭಾವ ಎಂದು ಹೆಸರು ಹೇಳದೆ ತಪ್ಪಿಸಿಕೊಂಡೆ. ಹೆಸರು ಹೇಳಿದರೆ ಎದುರಿಗೆ ಬಂದು ಕೂರುತ್ತಾರೆ ಎಂಬ ಹೆದರಿಕೆ. ಕೂರಲಿ.

ನೀವು ಮರೆತಿರಲಿಲ್ಲ. ಸ್ಟೀರಿಂಗಿನಲ್ಲಿ ಬೇವು ಇತ್ತು. ನೀವೇ ಕಟ್ಟಿದ್ದಿರಿ, ಜವರೇಗೌಡ ಭಾವ.