ಚಿಕ್ಕ ಕ್ಯಾಮೆರಾದವನಿಗೆ ಮರ್ಯಾದೆಯಿಲ್ಲ

ನನಗೆ ಸಿಟ್ಟು ಬರುವುದು ಅಪರೂಪ ಎಂದು ಕಂಡ ಕಂಡವರ ಹತ್ತಿರವೆಲ್ಲ ಹೇಳಿಕೊಂಡು ಬಂದಿದ್ದೇನೆ. ನನ್ನ ಹೆಂಡತಿ ಸರೋಜಾ ಪಕ್ಕದಲ್ಲಿದ್ದಾಗ ಮಾತ್ರ ಹೇಳುವುದಿಲ್ಲ, ಅವಳಿಗೆ ಜ್ಞಾಪಕಶಕ್ತಿ ಜಾಸ್ತಿ. ಆದರೆ ಕೆಲವು ತಿಂಗಳಿಂದ ನಾನು ನಿಜಕ್ಕೂ ಸಿಟ್ಟಾಗಿದ್ದೇನೆ. ಈ ಸಿಟ್ಟು ಯಾರೋ ಒಬ್ಬರ ಮೇಲಿನದಲ್ಲ, ಇಡೀ ಸಮಾಜದ ಮೇಲಿನದು. ಈ ಸಮಾಜ ಮನುಷ್ಯನ ಕೆಲಸವನ್ನು ನೋಡುವುದೇ ಇಲ್ಲ. ಅವನ ಕೈಯಲ್ಲಿರುವ ಸಾಮಾನು ಎಷ್ಟು ದೊಡ್ಡದು ಎಂದು ನೋಡುತ್ತದೆ. ದಪ್ಪ ಫೈಲು ಬಗಲಲ್ಲಿಟ್ಟುಕೊಂಡ ವಕೀಲನಿಗೆ ಜನ ಎದ್ದು ನಿಲ್ಲುತ್ತಾರೆ, ಆಳೆತ್ತರದ ಸೌಟು ಹಿಡಿದ ಅಡುಗೆಯವನಿಗೆ ದಾರಿ ಬಿಡುತ್ತಾರೆ. ಈ ಸತ್ಯ ನನಗೆ ತಿಳಿಯದೆ ಹೋದದ್ದಕ್ಕೆ ಕಾರಣವಿದೆ: ಇಷ್ಟು ವರ್ಷ ನನ್ನ ಹತ್ತಿರವೂ ದೊಡ್ಡ ಸಾಮಾನೇ ಇತ್ತು.

ನಾನು ಮದುವೆ ಫೋಟೋಗ್ರಾಫರ್. ಹಲಸೂರಿನಲ್ಲಿ ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಈ ವೃತ್ತಿಯ ದರ್ಬಾರು ಹೊರಗಿನವರಿಗೆ ಗೊತ್ತಿಲ್ಲ. ಮದುವೆ ಮಂಟಪದಲ್ಲಿ ಹೆಣ್ಣಿನ ತಂದೆಯ ಮಾತು ನಡೆಯುವುದಿಲ್ಲ, ಗಂಡಿನ ತಾಯಿಯ ಮಾತು ಅರ್ಧಂಬರ್ಧ ನಡೆಯುತ್ತದೆ, ಪೂರ್ತಿ ನಡೆಯುವುದು ಫೋಟೋಗ್ರಾಫರನ ಮಾತೊಂದೇ. "ಸ್ವಾಮಿ, ಒಂದ್ನಿಮಿಷ ಹಾಗೇ ಇರಿ" ಎಂದರೆ ಪುರೋಹಿತರು ಮಂತ್ರವನ್ನು ಬಾಯಲ್ಲೇ ಹಿಡಿದುಕೊಂಡು ನಿಂತಿರುತ್ತಾರೆ. "ತಾಳಿ ಇನ್ನೊಂದ್ಸಲ ಮೇಲಕ್ಕೆತ್ತಿ" ಎಂದರೆ ಎತ್ತುತ್ತಾರೆ. ಜೀವನದಲ್ಲಿ ಯಾರ ಮಾತನ್ನೂ ಕೇಳದ ದೊಡ್ಡ ಮನುಷ್ಯರು ನಾನು "ಗಲ್ಲ ಕೆಳಗೆ, ಇನ್ನೂ ಸ್ವಲ್ಪ ಕೆಳಗೆ" ಎಂದಾಗ ಗಲ್ಲ ಇಳಿಸಿದ್ದಾರೆ. ಇದೆಲ್ಲ ನನ್ನ ವ್ಯಕ್ತಿತ್ವದ ಪ್ರಭಾವ ಎಂದೇ ನಂಬಿಕೊಂಡಿದ್ದೆ. ಕೊರಳಲ್ಲಿ ನೇತಾಡುತ್ತಿದ್ದ ಆ ಕಪ್ಪು ಕ್ಯಾಮೆರಾ, ಅದರ ಮೂತಿಗಿದ್ದ ಮೊಳದುದ್ದದ ಲೆನ್ಸು, ನೆತ್ತಿಯ ಮೇಲಿನ ಫ್ಲ್ಯಾಶು, ಬೆನ್ನಿಗೆ ಇನ್ನೊಂದು ಲೆನ್ಸಿನ ಚೀಲ, ಇವುಗಳ ಪಾಲೂ ಅದರಲ್ಲಿದೆ ಎಂದು ಕನಸಲ್ಲೂ ಹೊಳೆದಿರಲಿಲ್ಲ.

ಹೊತ್ತು ಹೊತ್ತು ಕೊನೆಗೆ ಕತ್ತು ಕೈಕೊಟ್ಟಿತು. ಯಾರಾದರೂ ಎಡಗಡೆಯಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕಾಗುತ್ತಿತ್ತು, ನನ್ನ ಮೈಯೋ ಅಷ್ಟು ಸುಲಭವಾಗಿ ತಿರುಗುವಂಥದ್ದಲ್ಲ. ಇಂದಿರಾನಗರದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಏನ್ ಕೆಲ್ಸ ಮಾಡ್ತೀರಿ ನೀವು, ಮೂಟೆ ಹೊರ್ತೀರಾ?" ಎಂದು ಕೇಳಿದರು. ನಾನು ಕಲಾವಿದ ಎಂದೆ. ಅವರು ನಂಬಲಿಲ್ಲ. "ಭಾರ ಇಳಿಸಿ, ಇಲ್ಲಾಂದ್ರೆ ಕತ್ತಿಗೆ ಪಟ್ಟಿ ಹಾಕ್ಕೊಂಡೇ ಓಡಾಡ್ಬೇಕಾಗುತ್ತೆ" ಎಂದರು. ಭಾರ ಎಂದರೆ ಕ್ಯಾಮೆರಾ ಎಂದು ನಾನು ತಿಳಿದುಕೊಂಡೆ, ನನ್ನ ಹೊಟ್ಟೆ ಎಂದು ಸರೋಜಾ ತಿಳಿದುಕೊಂಡಳು. ಎರಡರಲ್ಲಿ ಬೇಗ ಇಳಿಸಬಹುದಾದದ್ದು ಕ್ಯಾಮೆರಾ ಆದ್ದರಿಂದ ಅದನ್ನೇ ಅಂಗಡಿಗೆ ಒಯ್ದು, ಚೀಲ, ಲೆನ್ಸು, ಫ್ಲ್ಯಾಶು ಸಮೇತ ಎಕ್ಸ್‌ಚೇಂಜಿಗೆ ಕೊಟ್ಟು, ಅಂಗೈಯಗಲದ ಹೊಸ ಕ್ಯಾಮೆರಾ ತಂದೆ. ಅದು ಶರ್ಟಿನ ಜೇಬಿನಲ್ಲಿ ಕೂರದಿದ್ದರೂ ಸರೋಜಾಳ ಕೈಚೀಲದಲ್ಲಿ ಆರಾಮವಾಗಿ ಕೂರುತ್ತಿತ್ತು. "ಮಂದ ಬೆಳಕಲ್ಲೂ ಫಸ್ಟ್ ಕ್ಲಾಸಾಗಿ ಬರುತ್ತೆ ಸಾರ್, ಫ್ಲ್ಯಾಶೇ ಬೇಡ. ಸದ್ದೂ ಮಾಡಲ್ಲ, ತೆಗೆದದ್ದು ಯಾರಿಗೂ ಗೊತ್ತಾಗಲ್ಲ" ಎಂದು ಅಂಗಡಿಯವನು ಹೊಗಳಿದ. ತೆಗೆದದ್ದು ಯಾರಿಗೂ ಗೊತ್ತಾಗದಿರುವುದು ಒಂದು ಗುಣವೆಂದು ಆ ದಿನ ನಾನೂ ತಲೆದೂಗಿದೆ.

ಅವಮಾನ ಅಲ್ಲಿಂದಲೇ ಶುರುವಾಯಿತು. ಹೊಸ ಕ್ಯಾಮೆರಾದ ಮೊದಲ ಕೆಲಸ ಇಂದಿರಾನಗರದ ಒಂದು ನಾಮಕರಣ. ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳು ನನಗೆ ಪನ್ನೀರು ಚಿಮುಕಿಸಿ, "ನೀವು ಮಗುವಿನ ಅಪ್ಪನ ಕಡೆಯವರಾ?" ಎಂದು ಕೇಳಿದಳು. ಒಳಗೆ ಹೋಗಿ ನಾಲ್ಕು ಫೋಟೋ ತೆಗೆಯುವಷ್ಟರಲ್ಲಿ ಒಬ್ಬ ಯಜಮಾನರು ನನ್ನ ಭುಜ ಹಿಡಿದು, "ಕೂತ್ಕೊಳ್ಳಿ ಸಾರ್, ಫೋಟೋದವರು ಬರ್ತಾರೆ, ನಿಮಗ್ಯಾಕೆ ತೊಂದ್ರೆ" ಎಂದು ಕುರ್ಚಿಯಲ್ಲಿ ಕೂರಿಸಿ ಪಾನಕ ಕೊಟ್ಟರು. ಹಿಂದೆಲ್ಲ ನನಗೆ ಯಾರೂ ಪಾನಕ ಕೊಟ್ಟವರಲ್ಲ, ಆದರೆ ಕೂರು ಎಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಪಾನಕ ಕುಡಿದೇ ಕುಡಿದೆ, ಬಿಸಿಲಿತ್ತು. ಆದರೆ ಪ್ರತಿ ಗುಟುಕಿಗೂ ಹೊಟ್ಟೆ ಉರಿಯುತ್ತಿತ್ತು.

ನಾಮಕರಣವೇನೋ ಹೋಗಲಿ. ನನ್ನ ನಿಜವಾದ ಹೆದರಿಕೆ ಗರುಡಾಚಾರ್‌ಪಾಳ್ಯದ ಕೃಷ್ಣಪ್ಪನವರ ಮನೆಯದು. ಅವರು ಆ ಊರಿನ ಹಳಬರು. ಅಪ್ಪನ ಕಾಲದಲ್ಲಿ ಹೊಲವಿದ್ದ ಕಡೆ ಈಗ ಸಾಲು ಸಾಲು ಬಾಡಿಗೆ ರೂಮುಗಳನ್ನು ಕಟ್ಟಿಸಿದ್ದಾರೆ. ಆ ಮನೆಯ ಕಿವಿ ಚುಚ್ಚಿಸುವುದರಿಂದ ಹಿಡಿದು ಗೃಹಪ್ರವೇಶದವರೆಗೆ ಎಲ್ಲದಕ್ಕೂ ನಾನೇ. ಆ ಮನೆ ಕೈಬಿಟ್ಟರೆ ಅವರ ನೆಂಟರು, ನೆಂಟರ ನೆಂಟರು, ಹೊಸಕೋಟೆಯವರೆಗಿನ ಬೀಗರು ಎಲ್ಲರೂ ಕೈಬಿಟ್ಟ ಹಾಗೆ, ಸ್ಟುಡಿಯೋ ಬಾಗಿಲು ಹಾಕಿದ ಹಾಗೆ. ಅವರ ದೊಡ್ಡ ಮಗಳ ಮದುವೆ ಗೊತ್ತಾಗಿತ್ತು. ಮುಂಗಡವಾಗಿ ತಾಂಬೂಲ ಕೊಡುವಾಗಲೇ ಕೃಷ್ಣಪ್ಪನವರು ಮಾತನ್ನು ಕಡ್ಡಿ ಮುರಿದಂತೆ ಹೇಳಿದ್ದರು. "ಶ್ರೀಕಂಠಣ್ಣ, ಇದು ಚೆನ್ನಾಗ್ ಬಂದ್ರೆ ಚಿಕ್ಕವಳ ಮದ್ವೇನೂ ನಿಮ್ದೇ. ಇಲ್ದಿದ್ರೆ ನಮ್ ಹುಡುಗರು ಮಾರತ್ತಹಳ್ಳಿ ಸ್ಟುಡಿಯೋದೋರ್ನ ಹೇಳ್ತಾವ್ರೆ. ಅವರತ್ರ ಡ್ರೋನ್ ಐತಂತೆ." ನಾನು ಗಂಭೀರವಾಗಿ, ಕಲೆ ಇರುವುದು ಡ್ರೋನಿನಲ್ಲಲ್ಲ, ಕಣ್ಣಿನಲ್ಲಿ ಎಂದೆ. ಅವರು ನನ್ನ ಕಣ್ಣನ್ನು ನೋಡಲಿಲ್ಲ, ಕೈಯಲ್ಲಿದ್ದ ಕ್ಯಾಮೆರಾವನ್ನು ನೋಡಿದರು. "ದೊಡ್ಡದು ರಿಪೇರಿಗೆ ಕೊಟ್ಟಿದೀರಾ?" ಎಂದರು.

ಮದುವೆಯ ದಿನ ಬೆಳಗ್ಗೆ ಧಾರೆ. ನಮ್ಮ ಕಡೆಯ ಧಾರೆಯೆಂದರೆ ಮನೆಯವರು ಮಾತ್ರ ಹಾಲೆರೆದು ಮುಗಿಸುವಂಥದ್ದಲ್ಲ. ಬಂದವರೆಲ್ಲ ಜೋಡಿ ಜೋಡಿಯಾಗಿ ಸಾಲಿನಲ್ಲಿ ಬಂದು, ವಧೂವರರ ಕೈಯಲ್ಲಿರುವ ತೆಂಗಿನಕಾಯಿಯ ಮೇಲೆ ಹಾಲೆರೆದು, ಅಕ್ಷತೆ ಹಾಕಿ ಹೋಗುತ್ತಾರೆ. ಇದರಲ್ಲಿ ಶಾಸ್ತ್ರಗಳಲ್ಲೆಲ್ಲೂ ಬರೆದಿರದ ಒಂದು ನಿಯಮವಿದೆ. ಚೊಂಬನ್ನು ಬಗ್ಗಿಸಬೇಕು, ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಬೇಕು, ಫ್ಲ್ಯಾಶ್ ಮಿಂಚುವವರೆಗೆ ಅಲುಗಾಡಬಾರದು. ಮಿಂಚಿದ ಮೇಲೆಯೇ ಹಾಲೆರೆದದ್ದು ಪೂರ್ತಿಯಾಯಿತೆಂದು ಲೆಕ್ಕ. ಈ ಶಿಸ್ತನ್ನು ಜನರಿಗೆ ಕಲಿಸಿದವರು ನಾವು ಫೋಟೋದವರೇ. ನನ್ನ ಹೊಸ ಕ್ಯಾಮೆರಾ ಮಿಂಚುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮಿಂಚದಿದ್ದರೆ ಏನಾಗುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಮೊದಲು ಬಂದವರು ಹುಡುಗಿಯ ಸೋದರಮಾವ ಮತ್ತು ಅವರ ಹೆಂಡತಿ. ಇಬ್ಬರೂ ಚೊಂಬು ಹಿಡಿದು ಬಗ್ಗಿಸಿದರು, ನನ್ನ ಕಡೆ ತಿರುಗಿ ನಕ್ಕರು. ನಾನು ಬೇಕಾದಷ್ಟು ತೆಗೆದುಬಿಟ್ಟೆ. ಅವರು ನಗುತ್ತಲೇ ಇದ್ದರು. ಹಾಲು ಸುರಿಯುತ್ತಲೇ ಇತ್ತು. "ಸಾಕು, ಸಾಕು" ಎಂದರು ಪುರೋಹಿತರು. "ಇರಿ ಸ್ವಾಮಿ, ಫೋಟೋ ಬಂದಿಲ್ಲ" ಎಂದರು ಸೋದರಮಾವ ತುಟಿ ಅಲುಗಿಸದೆ. ಚೊಂಬು ಖಾಲಿಯಾದ ಮೇಲೂ ಆ ದಂಪತಿಗಳು ಅದನ್ನು ಬಗ್ಗಿಸಿಕೊಂಡು ಕಾಯುತ್ತಿದ್ದರು. ಆಮೇಲೆ ಬಂದವರೂ ಹಾಗೇ. ಕೆಳಗಿಟ್ಟಿದ್ದ ಬೋಗುಣಿ ತುಂಬಿ, ಹಾಲು ಚಾಪೆಗೆ ಹರಿದು, ಮದುಮಗನ ಪಂಚೆಯನ್ನು ತೋಯಿಸಿತು. ಪಾಪ, ಅವನು ಕಾಲು ಹಿಂದೆಳೆದುಕೊಳ್ಳುವಂತೆಯೂ ಇರಲಿಲ್ಲ. ತಂದಿಟ್ಟಿದ್ದ ಹಾಲು ಮುಗಿದುಹೋಗಿ, ಅಡುಗೆಮನೆಯಿಂದ ಕಾಫಿಗೆಂದು ಇಟ್ಟಿದ್ದ ಹಾಲನ್ನು ತರಿಸಿದರು. ಹಿಂದೆಯೇ ಅಡುಗೆಯವನೂ ಬಂದು, "ಗಂಡಿನ ಕಡೆಯೋರು ಕಾಫಿ ಕೇಳ್ತಾವ್ರೆ, ನಾನೇನ್ ಸುಣ್ಣದ ನೀರು ಕೊಡ್ಲಾ?" ಎಂದು ಮಂಟಪದ ಮುಂದೆಯೇ ಕೂಗಾಡಿದ. ಸಾಲು ಬಾಗಿಲವರೆಗೆ ನಿಂತಿತ್ತು. ಕೃಷ್ಣಪ್ಪನವರ ಬಾಡಿಗೆ ರೂಮಿನಲ್ಲಿರುವ ಕಲಬುರಗಿ ಕಡೆಯ ಒಬ್ಬರು ಅಲ್ಲಿಂದಲೇ, "ಫೋಟೋ ತೆಗೆಯಾವ್ರು ಇನ್ನಾ ಬಂದಿಲ್ಲೇನ್ರೀ?" ಎಂದು ವಿಚಾರಿಸಿದರು.

ಪುರೋಹಿತರು ಸುತ್ತ ನೋಡಿ, ಎಲ್ಲಕ್ಕೂ ಮೂಲ ನಾನೇ ಎಂದು ತೀರ್ಮಾನಿಸಿದವರಂತೆ, "ರೀ, ಯಾರ್ರೀ ನೀವು? ಇಷ್ಟು ದೊಡ್ಡ ಮನುಷ್ಯರು ಮಧ್ಯದಲ್ಲಿ ನಿಂತ್ಕೊಂಡ್ರೆ ಫೋಟೋದವರು ಹೇಗ್ರೀ ತೆಗೀಬೇಕು?" ಎಂದರು.

"ನಾನೇ ಸ್ವಾಮಿ ಫೋಟೋದವನು" ಎಂದೆ.

ಅವರು ನನ್ನ ಕೈಯನ್ನು ನೋಡಿದರು. "ಇದರಲ್ಲಾ?" ಎಂದು ಕೇಳಿದರು.

ಆ ಒಂದು ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಮಂತ್ರವನ್ನು ಬಾಯಲ್ಲಿ ಹಿಡಿದುಕೊಂಡು ನನ್ನ ಅಪ್ಪಣೆಗೆ ಕಾಯುತ್ತಿದ್ದ ವರ್ಗದವರು ಇವರು! ಗಂಡಿನ ಕಡೆಯ ವಿಡಿಯೋದವನು ಹೆಗಲ ಮೇಲೆ ದೊಡ್ಡದೊಂದು ಯಂತ್ರ ಹೊತ್ತು ನಿಂತಿದ್ದ. ಅವನಿಗೆ ಎಲ್ಲರೂ ದಾರಿ ಬಿಡುತ್ತಿದ್ದರು. ಅವನೂ ನನ್ನ ಕಡೆ ನೋಡಿ, "ಅಂಕಲ್, ಸ್ವಲ್ಪ ಈ ಕಡೆ ಬನ್ನಿ, ಫ್ರೇಮಲ್ಲಿ ಬರ್ತಿದೀರಾ" ಎಂದ. ರಾಹುಕಾಲ ಹತ್ತಿರವಾಗುತ್ತಿತ್ತು. ಕೃಷ್ಣಪ್ಪನವರು ದೂರದಿಂದ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ಆ ನೋಟದಲ್ಲಿ ನನಗೆ ಡ್ರೋನ್ ಹಾರುತ್ತಿರುವುದು ಕಾಣಿಸಿತು.

ಬೇರೆ ದಾರಿಯಿರಲಿಲ್ಲ. ಮುಂದಿನ ಜೋಡಿ ಚೊಂಬು ಬಗ್ಗಿಸಿದ ಕೂಡಲೇ ಫೋಟೋ ತೆಗೆದು, "ಆಯ್ತು!" ಎಂದು ಕೂಗಿದೆ. ಅವರು ನಂಬಲಿಲ್ಲ. "ಎಲ್ಲಿ ಆಯ್ತು? ಲೈಟೇ ಬರಲಿಲ್ಲ" ಎಂದರು. ಆಗ ನಾನು ಏನು ಮಾಡಿದೆನೆಂದು ಹೇಳಿಕೊಳ್ಳುವುದಕ್ಕೆ ಈಗಲೂ ಸಂಕೋಚವಾಗುತ್ತದೆ. ಬಲಗೈಯಲ್ಲಿ ಕ್ಯಾಮೆರಾ ಒತ್ತಿ, ಎಡಗೈ ಮುಷ್ಟಿಯನ್ನು ತಲೆಯ ಮೇಲೆತ್ತಿ, ಬೆರಳುಗಳನ್ನು ಒಟ್ಟಿಗೇ ಬಿಚ್ಚಿ, "ಫಳ್!" ಎಂದೆ. ಪವಾಡ ನಡೆದ ಹಾಗೆ ಅವರು ಚೊಂಬು ಇಳಿಸಿ ಅಕ್ಷತೆ ಹಾಕಿ ಹೊರಟುಹೋದರು. ಅಲ್ಲಿಂದ ಧಾರೆ ಮುಗಿಯುವವರೆಗೆ ನಾನೇ ಫ್ಲ್ಯಾಶು. ಹಿಂದೆ ನಿಂತವರಿಗೂ ಕಾಣಲಿ ಎಂದು ಪ್ರತಿ ಸಲವೂ ತುದಿಗಾಲಲ್ಲಿ ಎದ್ದು "ಫಳ್!" ಎನ್ನಬೇಕಾಗಿತ್ತು. ಭಾರ ಇಳಿಸಿ ಎಂದಿದ್ದ ಡಾಕ್ಟರು ಆ ಹೊತ್ತಿಗೆ ಸಿಕ್ಕಿದ್ದರೆ ಅವರಿಗೆ ಎರಡು ಮಾತು ಹೇಳುತ್ತಿದ್ದೆ. ಬೆವರು ಸುರಿಯುತ್ತಿತ್ತು, ಗಂಟಲು ಒಣಗಿತ್ತು. ಕಾಫಿ ಕೇಳುವಂತಿರಲಿಲ್ಲ, ಹಾಲು ಇರಲಿಲ್ಲ. ನಡುನಡುವೆ ಸಿಟ್ಟಿನ ಭರದಲ್ಲಿ ಅತ್ತಿತ್ತ ಕೂತವರನ್ನೂ ಕಂಡ ಹಾಗೆ ತೆಗೆದುಹಾಕಿದೆ.

ಆಲ್ಬಮ್ಮು ತಲುಪಿದ ಮರುದಿನವೇ ಕೃಷ್ಣಪ್ಪನವರ ಫೋನು ಬಂತು. "ಮನೆ ತಾವ ಬನ್ನಿ, ಮಾತಾಡ್ಬೇಕು" ಎಂದರು. ಧ್ವನಿಯಲ್ಲಿ ಏನೂ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಮೆಟ್ರೋದಲ್ಲಿ ನಿಂತು ನನ್ನ ಭಾಷಣ ಸಿದ್ಧಪಡಿಸಿಕೊಂಡೆ. ಗಾತ್ರವನ್ನು ಪೂಜಿಸುವ ಈ ಸಮಾಜವನ್ನು ಕುರಿತು ಅದರಲ್ಲಿ ಖಾರವಾದ ಮಾತುಗಳಿದ್ದವು. ಅಲ್ಲಿ ಹೋಗಿ ನೋಡಿದರೆ ಮನೆಯವರೆಲ್ಲ ನಡುಮನೆಯಲ್ಲಿ ಆಲ್ಬಮ್ಮಿನ ಸುತ್ತ ಕೂತಿದ್ದಾರೆ. ಒಬ್ಬರು ಆಕಳಿಸುತ್ತಿದ್ದಾಗ ತೆಗೆದದ್ದಕ್ಕೆ, ಇನ್ನೊಬ್ಬರು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡಿದ್ದಾಗ ತೆಗೆದದ್ದಕ್ಕೆ ತಕರಾರು ಹೇಳಿದರು. ಸೋದರಮಾವ ತಮ್ಮ ಖಾಲಿ ಚೊಂಬಿನ ಫೋಟೋವನ್ನು ಬೆರಳಿನಿಂದ ಕುಟ್ಟಿ ತೋರಿಸಿದರು. ನಾನು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಕೃಷ್ಣಪ್ಪನವರು ಒಂದು ಪುಟ ತೆರೆದು ಅಂಗೈಯಿಂದ ಸವರಿದರು. ಅದು ಅವರ ತಾಯಿ ಮುನಿಯಮ್ಮಜ್ಜಿಯ ಫೋಟೋ. ಈ ಅಜ್ಜಿ ಎಷ್ಟು ಸಮಾರಂಭಗಳಲ್ಲಿ ನನ್ನ ದೊಡ್ಡ ಕ್ಯಾಮೆರಾದ ಮುಂದೆ ಕೂತವರು! "ಸ್ವಲ್ಪ ನಗಿ ಅಜ್ಜಿ" ಎಂದರೆ ತುಟಿಯನ್ನು ಇನ್ನಷ್ಟು ಬಿಗಿಹಿಡಿದು, ಪೊಲೀಸ್ ಠಾಣೆಗೆ ಕರೆಸಿದವರ ಹಾಗೆ ಕೂರುತ್ತಿದ್ದರು. ಈ ಫೋಟೋದಲ್ಲಿ ಅವರು ತಲೆಯನ್ನು ಹಿಂದಕ್ಕೆ ಹಾಕಿ, ಒಂದು ಕೈ ತೊಡೆಯ ಮೇಲೆ ಬಡಿದು, ಉಳಿದಿರುವ ನಾಲ್ಕು ಹಲ್ಲನ್ನೂ ತೋರಿಸಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಸೆರಗು ಜಾರಿದ್ದೂ ಅವರಿಗೆ ಗೊತ್ತಿರಲಿಲ್ಲ. ನನಗೇ ನಂಬಿಕೆಯಾಗಲಿಲ್ಲ, ಅಷ್ಟು ಚೆನ್ನಾಗಿತ್ತು.

"ನಮ್ಮವ್ವ ಇಂಗ್ ನಕ್ಕಿದ್ದು ನಾನ್ ಹುಟ್ಟಿದ್ಮೇಲೆ ನೋಡೇ ಇಲ್ಲ" ಎಂದರು ಕೃಷ್ಣಪ್ಪನವರು. "ಇದ್ನ ಗೋಡೆಯಷ್ಟು ದೊಡ್ಡದು ಮಾಡಿಸ್ಕೊಡಿ."

ನಾನು ಬಿಡುವವನೇ? ನಿಂತಲ್ಲೇ ಭಾಷಣ ಶುರು ಮಾಡಿದೆ. ದೊಡ್ಡ ಕ್ಯಾಮೆರಾ ಮನುಷ್ಯನನ್ನು ಹೆದರಿಸುತ್ತದೆ, ಚಿಕ್ಕದು ಅವನನ್ನು ಅವನ ಪಾಡಿಗೆ ಬಿಡುತ್ತದೆ, ಎದುರಿಗಿರುವವರಿಗೆ ಅರಿವಾಗದಂತೆ ಅವರ ಮನಸ್ಸನ್ನು ಹಿಡಿಯುವುದೇ ನಿಜವಾದ ಕಲೆ, ಅದು ಮಾರತ್ತಹಳ್ಳಿಯ ಡ್ರೋನಿಗೆ ಸಾಧ್ಯವೇ ಎಂದೆಲ್ಲ ಕೇಳಿದೆ. ಎಲ್ಲರೂ ತಲೆದೂಗಿದರು. ಕತ್ತು ನೋವು ಪೂರ್ತಿ ಹೋದ ಹಾಗಿತ್ತು. ಆ ಉತ್ಸಾಹದಲ್ಲೇ ಮೂಲೆಯ ದಿವಾನದ ಮೇಲೆ ಕೂತಿದ್ದ ಅಜ್ಜಿಯ ಕಡೆ ತಿರುಗಿ, "ಹೇಳಿ ಅಜ್ಜಿ, ನಾನು ಫೋಟೋ ತೆಗೀತಿದೀನಿ ಅಂತ ನಿಮಗೆ ಗೊತ್ತೇ ಇರ್ಲಿಲ್ಲ ಅಲ್ವಾ? ಅದೇನು ಹಳೇದು ನೆನಪಾಗಿ ಅಷ್ಟು ನಕ್ಕಿದ್ದು?" ಎಂದು ಕೇಳಿದೆ.

"ಹಳೇದೇನ್ ಬಂತು, ನಿನ್ನೇ ನೋಡ್ಕಂಡ್ ನಗ್ತಿದ್ದೆ ಕಣಪ್ಪ" ಎಂದರು ಅಜ್ಜಿ. "ಅಷ್ಟ್ ಗಾತ್ರದ ಆಸಾಮಿ ಒಂದ್ ಕೈಲಿ ಸುಣ್ಣದ ಡಬ್ಬಿ ಅಂಥದ್ ಇಡ್ಕಂಡು, ಇನ್ನೊಂದ್ ಕೈ ಮೇಲೆತ್ತಿ 'ಫಳ್ ಫಳ್' ಅಂತ ಕುಣೀತಿದ್ದೆ. ಕುತ್ಗೇಲಿ ಆ ದೊಡ್ ಕ್ಯಾಮೆರಾ ಇಲ್ದಿದ್ಮೇಲೆ ನೀನು ಫೋಟೋದವ್ನು ಅಂತ ನಂಗೇನ್ ಗೊತ್ತು? ಗಂಡಿನ ಕಡೆಯೋರು ನಗ್ಸಕ್ಕೆ ಯಾರ್ನೋ ಕರೆಸವ್ರೆ ಅನ್ಕಂಡೆ."

ಆಗ ಆ ಮನೆಯಲ್ಲಿ ಎದ್ದ ನಗುವನ್ನು ಯಾವ ಕ್ಯಾಮೆರಾದಿಂದಲೂ ತೆಗೆಯಲು ಸಾಧ್ಯವಿರಲಿಲ್ಲ, ತೆಗೆಯುವ ಮನಸ್ಸೂ ನನಗಿರಲಿಲ್ಲ. ನಗು ಅಡಗಿದ ಮೇಲೆ ಕೃಷ್ಣಪ್ಪನವರು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. "ಚಿಕ್ಕವಳ ಮದ್ವೆಗೂ ನೀವ್ ಬರ್ಲೇಬೇಕು ಶ್ರೀಕಂಠಣ್ಣ. ಈ ಚಿಕ್ಕ ಕ್ಯಾಮೆರಾನೇ ತನ್ನಿ. ಅವ್ವನ ಎದ್ರಿಗೇ ನಿಂತ್ಕಳಿ" ಎಂದರು. ನನ್ನ ಎದೆಯುಬ್ಬಿತು. ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಅವರು ಮೆಲ್ಲಗೆ, "ಫೋಟೋ ತೆಗೆಯಕ್ಕೆ ಮಾರತ್ತಹಳ್ಳಿಯೋರ್ಗೆ ಹೇಳಿದೀನಿ. ನೀವ್ ಬೇಜಾರ್ ಮಾಡ್ಕಬೇಡಿ" ಎಂದರು.

ಮನೆಗೆ ಬಂದಾಗ ಸರೋಜಾ ಬಾಗಿಲಲ್ಲೇ ನಿಂತಿದ್ದಳು. "ಚಿಕ್ಕವಳ ಮದ್ವೆ ಸಿಕ್ತಾ?" ಎಂದು ಕೇಳಿದಳು. ಸಿಕ್ಕಿತು ಎಂದೆ. ಅವಳಿಗೆ ಬಹಳ ಸಂತೋಷವಾಯಿತು. ಅಲ್ಲಿ ನನಗೆ ಯಾವ ಕೆಲಸ ಸಿಕ್ಕಿದೆ ಎಂಬುದನ್ನು ನಾನು ಇನ್ನೂ ಅವಳಿಗೆ ಹೇಳಿಲ್ಲ.